ಸ್ಟೇಟ್‌ಬ್ಯಾಂಕಿನಲ್ಲಿ ಬಸ್ ಕಾಯುವ ಉಮ್ಮಂದಿರು

ಕಳೆದ ತಿಂಗಳ ಒಂದು ಸಂಜೆ. ಬಂದರಿನ ಮಸೀದಿಯಲ್ಲಿ ಅಸರ್ ನಮಾಝ್ ಮುಗಿಸಿ, ಮದ್ರಸಕ್ಕೆ ಬೇಕಾದ ಪುಸ್ತಕದ ಕಟ್ಟು ಹಿಡಿದುಕೊಂಡು ನಾವು ಸ್ಟೇಟ್‌ಬ್ಯಾಂಕಿಗೆ ನಡೆದು ಬಂದೆವು. ಮುಚ್ಚಿದ ಅಂಗಡಿಯೊಂದರ ಮೆಟ್ಟಿಲಲ್ಲಿ ವಯಸ್ಸಾದ ಉಮ್ಮ ಒಬ್ಬರು ಕೂತಿದ್ದರು. ಕೈಯಲ್ಲಿ ವೆನ್ಲಾಕ್ ಆಸ್ಪತ್ರೆಯ ಎಕ್ಸ್‌ರೇ ಕವರ್. ಪಕ್ಕದಲ್ಲಿ ಮಗುವನ್ನು ಎತ್ತಿಕೊಂಡ ಸೊಸೆ.

“ಉಸ್ತಾದರಲ್ವಾ? ನನ್ನ ಮೊಮ್ಮಗ ನಿಮ್ಮ ಹತ್ರವೇ ಓದುವುದು” ಎಂದರು. ನಾವು ಸಲಾಂ ಹೇಳಿ, “ಬಸ್ ಸಿಗಲಿಲ್ವಾ ಉಮ್ಮಾ?” ಎಂದು ಕೇಳಿದೆವು.

“ಮೂರು ಬಸ್ ಬಿಟ್ಟೆ ಉಸ್ತಾದ್. ಮೊದಲನೆಯದಕ್ಕೆ ಓಡ್ಲಿಕ್ಕೆ ಆಗ್ಲಿಲ್ಲ, ಮೊಣಕಾಲು ನೋವು. ಎರಡನೆಯದು ನಾನು ಮೆಟ್ಟಿಲು ಹಿಡಿಯುವುದರೊಳಗೆ ಹೊರಟೇ ಬಿಟ್ಟಿತು. ಮೂರನೆಯದರಲ್ಲಿ ಕಾಲಿಡ್ಲಿಕ್ಕೆ ಜಾಗ ಇಲ್ಲ. ಈಗ ನೋಡಿ, ಬಸ್ಸೇ ಇಲ್ಲ.”

ಹತ್ತು ನಿಮಿಷದೊಳಗೆ ಮೂರು ಬಸ್, ಆಮೇಲೆ ಅರ್ಧ ಗಂಟೆ ಒಂದೂ ಇಲ್ಲ. ಮಗ್ರಿಬ್ ಬಾಂಗ್ ಹತ್ತಿರವಾದಾಗ ಸೊಸೆ ಆಟೋ ಹಿಡಿದರು. ಆ ಉಮ್ಮ ಮನೆಯಲ್ಲಿ ಬೀಡಿ ಕಟ್ಟುವವರು. ಆಸ್ಪತ್ರೆಯಲ್ಲಿ ಹೆಚ್ಚು ಖರ್ಚಾಗಲಿಲ್ಲ, ಆದರೆ ಮನೆಗೆ ಮುಟ್ಟಲಿಕ್ಕೆ ಒಂದು ದಿನದ ಬೀಡಿಯ ದುಡ್ಡು ಹೋಯಿತು.

ಇದು ಆ ಒಬ್ಬ ಉಮ್ಮನ ಕಥೆಯಾಗಿದ್ದರೆ ನಾವು ಇಲ್ಲಿ ಬರೆಯುತ್ತಿರಲಿಲ್ಲ. ಉಳ್ಳಾಲ, ತೊಕ್ಕೊಟ್ಟು, ದೇರಳಕಟ್ಟೆ, ಕೃಷ್ಣಾಪುರ, ಕಾಟಿಪಳ್ಳ, ಜೋಕಟ್ಟೆ, ಫರಂಗಿಪೇಟೆ, ಕಣ್ಣೂರು, ಅಡ್ಯಾರ್ ಎಂದು ಎಲ್ಲಿಂದ ಹೊರಟರೂ ನಮ್ಮ ಮನೆಗಳ ಹೆಂಗಸರು, ಮಕ್ಕಳು, ಹಿರಿಯರು ಪೇಟೆಗೆ ಬಂದು ಇಳಿಯುವುದು ಹಂಪನಕಟ್ಟೆ ಅಥವಾ ಸ್ಟೇಟ್‌ಬ್ಯಾಂಕಿನಲ್ಲಿ. ಮನೆಯ ಗಂಡಸರಿಗೆ ಸ್ಕೂಟರ್ ಉಂಟು, ಬೈಕ್ ಉಂಟು, ಕೆಲವರಿಗೆ ಕಾರೂ ಉಂಟು. ಬಸ್ಸನ್ನೇ ನಂಬಿದವರು ಉಳಿದವರು. ಆದ್ದರಿಂದ ಬಸ್ಸಿನ ವಿಷಯ ಮನೆಯಲ್ಲಿ ಮಾತಾಡಬೇಕಾದ ವಿಷಯ, ಜಮಾಅತ್‌ನಲ್ಲೂ ಮಾತಾಡಬೇಕಾದ ವಿಷಯ.

ಎಲ್ಲ ದಾರಿಗಳೂ ಒಂದೇ ಕಡೆಗೆ

ಮಂಗಳೂರಿನ ಪೇಟೆಯ ರಚನೆಯನ್ನು ಒಮ್ಮೆ ಮನಸ್ಸಿನಲ್ಲಿ ತಂದುಕೊಳ್ಳಿ. ವೆನ್ಲಾಕ್ ಆಸ್ಪತ್ರೆ, ಲೇಡಿಗೋಶನ್ ಆಸ್ಪತ್ರೆ, ಕಾಲೇಜುಗಳು, ಪುರಭವನ, ಮಿನಿ ವಿಧಾನಸೌಧ, ಮಾರ್ಕೆಟ್ ಪರಿಸರ, ಬಂದರಿನ ಸಗಟು ಅಂಗಡಿಗಳು, ಮೀನಿನ ದಕ್ಕೆ, ಸೆಂಟ್ರಲ್ ರೈಲು ನಿಲ್ದಾಣ, ಎಲ್ಲವೂ ಹೆಚ್ಚುಕಡಿಮೆ ಒಂದೂವರೆ ಕಿಲೋಮೀಟರಿನ ಸುತ್ತಿನೊಳಗೆ. ಇಷ್ಟು ಒತ್ತಾಗಿರುವ ಪೇಟೆ ಬಸ್ಸಿಗೆ ಒಳ್ಳೆಯದೇ. ಒಂದು ಕಡೆ ಇಳಿದರೆ ಹತ್ತು ಕೆಲಸ ಮುಗಿಸಿಕೊಂಡು ಹೋಗಬಹುದು.

ಆದರೆ ನಮ್ಮಲ್ಲಿ ಆದದ್ದು ಬೇರೆ. 44 ಉಳ್ಳಾಲಕ್ಕೆ, 51 ದೇರಳಕಟ್ಟೆ-ಕೊಣಾಜೆ ಕಡೆಗೆ, ಹೀಗೆ ಬಸ್ಸಿನ ನಂಬರ್ ಮಕ್ಕಳಿಗೂ ಬಾಯಿಪಾಠ. ಹೆಚ್ಚಿನ ಎಲ್ಲ ಸಿಟಿ ಬಸ್‌ಗಳೂ ಸ್ಟೇಟ್‌ಬ್ಯಾಂಕಿಗೇ ಬಂದು ತಿರುಗಬೇಕು. ಉಳ್ಳಾಲದವರು ಕಂಕನಾಡಿಗೆ, ಕಾಟಿಪಳ್ಳದವರು ಬಿಜೈಗೆ ಹೋಗುವುದಿದ್ದರೂ ಬಹಳ ಸಲ ಬಸ್ ಬದಲಿಸಬೇಕು, ಎರಡು ಟಿಕೆಟ್ ತೆಗೆಯಬೇಕು. ದೂರದ ಊರುಗಳ ಖಾಸಗಿ ಸರ್ವಿಸ್ ಬಸ್‌ಗಳಿಗೂ ಸ್ಟೇಟ್‌ಬ್ಯಾಂಕಿನ ಪಕ್ಕದಲ್ಲೇ ನಿಲ್ದಾಣ. ಕೆಎಸ್ಸಾರ್ಟಿಸಿಯ ದೊಡ್ಡ ನಿಲ್ದಾಣ ಮಾತ್ರ ಅಲ್ಲಿಂದ ಎರಡು ಮೂರು ಕಿಲೋಮೀಟರ್ ಆಚೆ ಬಿಜೈಯಲ್ಲಿ. ರೈಲು ನಿಲ್ದಾಣ ಇನ್ನೊಂದು ಮೂಲೆಯಲ್ಲಿ. ಬ್ಯಾಗ್ ಹಿಡಿದುಕೊಂಡು ರೈಲಿನಿಂದ ಇಳಿದವರು ಬಸ್ ನಿಲ್ದಾಣಕ್ಕೆ ಆಟೋದಲ್ಲೇ ಬರಬೇಕು. ಎಲ್ಲವನ್ನೂ ಸೇರಿಸುವ ನಿಲ್ದಾಣ ಪಂಪ್‌ವೆಲ್‌ನಲ್ಲಿ ಆಗುತ್ತದೆ ಎಂದು ವರ್ಷಗಟ್ಟಲೆ ಕೇಳಿದೆವು. ಹಾಗೆ ಕೇಳಿದ ಮಕ್ಕಳು ಈಗ ಮಕ್ಕಳ ತಂದೆಯರಾಗಿದ್ದಾರೆ.

ಖಾಸಗಿ ಬಸ್ಸಿನ ಊರು ನಮ್ಮದು

ಮಂಗಳೂರಿನಲ್ಲಿ ಯಾಕೆ ಖಾಸಗಿ ಬಸ್ಸೇ ಹೆಚ್ಚು ಎಂದು ಮಕ್ಕಳು ಕೇಳುತ್ತಾರೆ. ಇದಕ್ಕೆ ಇತಿಹಾಸ ಉಂಟು. 1914ರಲ್ಲೇ ಇಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ ಹುಟ್ಟಿತು. ಹಳಬರು ಅದನ್ನು ಸಿಪಿಸಿ ಎನ್ನುತ್ತಿದ್ದರು. ಮೈಸೂರು ಸಂಸ್ಥಾನದ ಕಡೆ 1948ರಲ್ಲಿ ಸರಕಾರವೇ ಬಸ್ ಓಡಿಸಲು ಶುರು ಮಾಡಿದಾಗ ನಮ್ಮ ಜಿಲ್ಲೆ ಮದ್ರಾಸಿನ ಕೈಯಲ್ಲಿತ್ತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, 1961ರಲ್ಲಿ ಸಾರಿಗೆ ನಿಗಮ ಆಯಿತು. ಅಷ್ಟರಲ್ಲಿ ಕರಾವಳಿಯಲ್ಲಿ ಖಾಸಗಿ ಬಸ್ ಬೇರು ಬಿಟ್ಟಾಗಿತ್ತು. ಇವತ್ತು ಮೈಸೂರು ನಗರದಲ್ಲಿ ಸಿಟಿ ಬಸ್ ಎಂದರೆ ಸರಕಾರಿ ಬಸ್. ಮಂಗಳೂರಿನಲ್ಲಿ ಸಿಟಿ ಬಸ್ ಎಂದರೆ ಮೊದಲು ನೆನಪಾಗುವುದು ಖಾಸಗಿ ಬಸ್.

ಇದನ್ನು ದೂರಾಗಿ ಹೇಳುತ್ತಿಲ್ಲ. ಸರಕಾರದ ಬಸ್ ಕಾಲಿಡದ ಒಳದಾರಿಗಳಿಗೆ, ಗುಡ್ಡದ ಮೇಲಿನ ಕಾಲನಿಗಳಿಗೆ ಮೊದಲು ಹೋದದ್ದು ಖಾಸಗಿ ಬಸ್ಸೇ. ಎಷ್ಟೋ ಬ್ಯಾರಿ ಮನೆಗಳ ಅನ್ನ ಈ ಬಸ್ಸಿನಿಂದ ಬಂದಿದೆ. ನಮ್ಮವರಲ್ಲಿ ಮಾಲಕರು ಇದ್ದಾರೆ, ಡ್ರೈವರ್‌ಗಳು ಇದ್ದಾರೆ, ನಮ್ಮ ಮದ್ರಸದಲ್ಲಿ ಓದಿದ ಹುಡುಗರು ಕಂಡಕ್ಟರ್‌ಗಳಾಗಿ ಸೀಟಿ ಊದುತ್ತಿದ್ದಾರೆ. ಈ ಬರಹ ಓದುವಾಗ ಅವರು ಬೇಸರ ಮಾಡಬಾರದು.

ಆದರೆ ಒಂದು ವ್ಯತ್ಯಾಸ ಈಗ ಎದ್ದು ಕಾಣುತ್ತಿದೆ. 2023ರ ಜೂನ್ 11ರಂದು ರಾಜ್ಯದಲ್ಲಿ ಶಕ್ತಿ ಯೋಜನೆ ಶುರುವಾಯಿತು. ಸರಕಾರಿ ನಿಗಮಗಳ ಸಾಮಾನ್ಯ ಬಸ್‌ಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ. ಮೈಸೂರಿನ ಹೆಂಗಸು ಮನೆಯಿಂದ ಪೇಟೆಗೆ ದುಡ್ಡು ಕೊಡದೆ ಹೋಗಿ ಬರುತ್ತಾಳೆ. ಮಂಗಳೂರಿನಲ್ಲಿ ಸರಕಾರಿ ಸಿಟಿ ಬಸ್ ಇರುವುದು ಕೆಲವೇ ದಾರಿಗಳಲ್ಲಿ. ಉಳಿದ ದಾರಿಯ ಹೆಂಗಸರಿಗೆ ಶಕ್ತಿ ಯೋಜನೆ ಪೇಪರಿನಲ್ಲಿ ಓದುವ ಸುದ್ದಿ ಮಾತ್ರ.

ಒಂದು ಲೆಕ್ಕ ಹಾಕಿ ನೋಡುವಾ. ಒಂದು ಕಡೆಗೆ 20 ರೂಪಾಯಿ ಟಿಕೆಟ್ ಎಂದು ಇಟ್ಟುಕೊಳ್ಳಿ. ಹೋಗಿ ಬರಲಿಕ್ಕೆ 40. ತಿಂಗಳಿಗೆ 25 ದಿನ ಎಂದರೆ 1,000 ರೂಪಾಯಿ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳೊಬ್ಬಳು, ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುವ ತಾಯಿಯೊಬ್ಬರು ಇದ್ದರೆ ತಿಂಗಳಿಗೆ 2,000, ವರ್ಷಕ್ಕೆ 24,000. ಕೂಲಿ ಮಾಡುವ ಮನೆಗೆ ಇದು ಸಣ್ಣ ಮೊತ್ತವಲ್ಲ. ಅದೇ ತೆರಿಗೆ ಕಟ್ಟುವ, ಅದೇ ರಾಜ್ಯದಲ್ಲಿ ಇರುವ ಹೆಂಗಸರಿಗೆ ಊರು ಬೇರೆ ಎಂಬ ಕಾರಣಕ್ಕೆ ಈ ವ್ಯತ್ಯಾಸ ಯಾಕೆ ಎಂದು ಕೇಳುವ ಹಕ್ಕು ನಮಗೆ ಉಂಟು.

ಬಸ್ ಯಾಕೆ ಓಡುತ್ತದೆ, ಯಾಕೆ ನಿಲ್ಲುತ್ತದೆ?

ಟಿಕೆಟಿನ ದುಡ್ಡಿಗಿಂತ ದೊಡ್ಡ ಕಷ್ಟ ಸಮಯದ್ದು. ನಮ್ಮ ಬಸ್ ಒಮ್ಮೆ ವಿಮಾನದ ಹಾಗೆ ಹೋಗುತ್ತದೆ, ಇನ್ನೊಮ್ಮೆ ಹಂಪನಕಟ್ಟೆಯಲ್ಲಿ ಹೊರಡಲಿಕ್ಕೇ ಮನಸ್ಸಿಲ್ಲದ ಹಾಗೆ ನಿಂತಿರುತ್ತದೆ. ನಾವು ಡ್ರೈವರನ್ನು ಬೈಯುತ್ತೇವೆ. ಡ್ರೈವರ್ ಮುಂದಿನ ಬಸ್ಸಿನವನನ್ನು ಬೈಯುತ್ತಾನೆ. ಬೈದು ಪ್ರಯೋಜನ ಇಲ್ಲ, ಕಾರಣ ಬೇರೆಯೇ ಉಂಟು.

ಖಾಸಗಿ ಬಸ್ಸಿನ ಆದಾಯ ಎಂದರೆ ಆ ದಿನದ ಕಲೆಕ್ಷನ್. ಡೀಸೆಲ್, ತೆರಿಗೆ, ಇನ್ಶೂರೆನ್ಸ್, ಟಯರ್, ಬ್ಯಾಂಕಿನ ಕಂತು ಎಲ್ಲ ಅದರಿಂದಲೇ. ಬಹಳ ಕಡೆ ಡ್ರೈವರ್, ಕಂಡಕ್ಟರರ ದಿನದ ಗಳಿಕೆಯೂ ಕಲೆಕ್ಷನ್ನಿಗೆ ಕಟ್ಟಿಕೊಂಡಿದೆ. ಹಾಗಾದಾಗ ಎರಡು ಬಸ್‌ಗಳ ನಡುವಿನ ಎರಡು ನಿಮಿಷ ಎಂದರೆ ಹತ್ತಿಪ್ಪತ್ತು ಟಿಕೆಟ್. ಹಿಂದಿನ ಬಸ್ ಮುಂದೆ ಹೋದರೆ ಸ್ಟಾಪಿನ ಜನ ಅದಕ್ಕೆ ಹತ್ತುತ್ತಾರೆ. ಅದಕ್ಕೇ ರೇಸ್. ಇನ್ನು ಹಿಂದೆ ಬಸ್ ಇಲ್ಲದಿದ್ದರೆ ಜನ ತುಂಬುವ ತನಕ ನಿಲ್ಲುವುದೇ ಲಾಭ. ಅದಕ್ಕೇ ಹಂಪನಕಟ್ಟೆಯ ಆ ನಿಲುಗಡೆ. ರೇಸಿಗೂ ನಿಲುಗಡೆಗೂ ಒಂದೇ ಬೇರು.

ಮೂರು ಬಸ್ ಒಟ್ಟಿಗೆ ಬಂದು ಆಮೇಲೆ ಅರ್ಧ ಗಂಟೆ ಬಸ್ ಇಲ್ಲದಿರುವುದಕ್ಕೂ ಹೀಗೆಯೇ ಕಾರಣ ಉಂಟು. ಮುಂದಿನ ಬಸ್ ಟ್ರಾಫಿಕ್‌ನಲ್ಲಿ ಸ್ವಲ್ಪ ತಡವಾದರೆ ಸ್ಟಾಪಿನಲ್ಲಿ ಜನ ಹೆಚ್ಚಾಗುತ್ತಾರೆ. ಜನ ಹೆಚ್ಚಾದರೆ ಹತ್ತಿಸಲಿಕ್ಕೆ ಹೊತ್ತು ಬೇಕು, ಬಸ್ ಇನ್ನೂ ತಡ. ಹಿಂದಿನ ಬಸ್ಸಿಗೆ ಜನ ಕಡಿಮೆ, ಅದು ಬೇಗ ಬೇಗ ಬಂದು ಮುಂದಿನದರ ಬೆನ್ನಿಗೆ ಅಂಟಿಕೊಳ್ಳುತ್ತದೆ. ಯಾರೂ ಬೇಕೆಂದು ಮಾಡದಿದ್ದರೂ ಹೀಗಾಗುತ್ತದೆ. ಸಮಯ ನೋಡಿ ಬಸ್ಸನ್ನು ಒಂದು ನಿಮಿಷ ತಡೆದು, ಇನ್ನೊಂದನ್ನು ಬಿಡುವ ವ್ಯವಸ್ಥೆ ಇದ್ದರೆ ಇದು ಸರಿಯಾಗುತ್ತದೆ. ಸ್ಟಾಪಿನ ಟೈಮ್ ಕೀಪರ್ ಆ ಕೆಲಸ ಮಾಡಲು ಹೋದರೆ ಅವನ ಜೊತೆ ಜಗಳ. ಯಾಕೆಂದರೆ ಅವನು ತಡೆಯುವುದು ಒಬ್ಬನ ದುಡ್ಡನ್ನು, ಬಿಡುವುದು ಇನ್ನೊಬ್ಬನ ದುಡ್ಡನ್ನು.

ಹಾಗಾದರೆ ಮೊದಲು ಸರಿಯಾಗಬೇಕಾದದ್ದು ದುಡ್ಡಿನ ದಾರಿ. ಎಷ್ಟು ಜನ ಹಿಡಿದಿರಿ ಎಂದು ನೋಡಿ ಕೂಲಿ ಕೊಡುವ ಬದಲು ಎಷ್ಟು ಕಿಲೋಮೀಟರ್ ಓಡಿಸಿದಿರಿ, ಟೈಮಿಗೆ ಸರಿಯಾಗಿ ಓಡಿಸಿದಿರಾ ಎಂದು ನೋಡಿ ಕೊಟ್ಟರೆ ಆ ಉಮ್ಮ ಮೆಟ್ಟಿಲು ಹತ್ತುವ ತನಕ ಕಾಯಲಿಕ್ಕೆ ಡ್ರೈವರಿಗೆ ಏನೂ ನಷ್ಟ ಇಲ್ಲ. ನಾವು ಈ ಬರಹದಲ್ಲಿ ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ.

ಬೇರೆ ಊರಿನವರು ಏನು ಮಾಡಿದರು?

ಇದು ಆಗದ ಮಾತಲ್ಲ. ಮಧ್ಯಪ್ರದೇಶದ ಇಂದೋರ್ 2005ರಲ್ಲಿ ನಗರಕ್ಕೆಂದೇ ಒಂದು ಸಾರಿಗೆ ಕಂಪೆನಿ ಸ್ಥಾಪಿಸಿತು. ದಾರಿ, ಸಮಯ, ನಿಲ್ದಾಣ ಇತ್ಯಾದಿ ನೋಡಿಕೊಳ್ಳುವುದು ಆ ಕಂಪೆನಿ, ಬಸ್ ಓಡಿಸುವುದು ಖಾಸಗಿಯವರು. ನಮ್ಮ ಪಕ್ಕದ ಕೇರಳದ ಕೊಚ್ಚಿಯಲ್ಲೂ ಮಂಗಳೂರಿನ ಹಾಗೆಯೇ ಖಾಸಗಿ ಬಸ್ ಹೆಚ್ಚು. ಅಲ್ಲಿ ಬಿಡಿಬಿಡಿಯಾಗಿದ್ದ ಮಾಲಕರು ಒಟ್ಟು ಸೇರಿ ಕಂಪೆನಿಗಳನ್ನು ಮಾಡಿಕೊಂಡು ಮೆಟ್ರೋ ಸಂಸ್ಥೆಯ ಜೊತೆ ಒಪ್ಪಂದಕ್ಕೆ ಬಂದರು. ಒಟ್ಟು ಸೇರಿದಾಗ ಒಂದು ದಾರಿಯ ಎಲ್ಲ ಬಸ್‌ಗಳ ಕಲೆಕ್ಷನ್ ಒಂದೇ ಪೆಟ್ಟಿಗೆಗೆ ಹಾಕಿ, ಓಡಿದ ಟ್ರಿಪ್ ನೋಡಿ ಹಂಚಿಕೊಳ್ಳಬಹುದು. ಆಗ ರೇಸ್ ಯಾರ ಜೊತೆ ಮಾಡುವುದು?

ಕೇಂದ್ರ ಸರಕಾರ 2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟ ಪಿಎಂ ಇ-ಬಸ್ ಸೇವಾ ಯೋಜನೆಯಲ್ಲಿ ದೇಶದ ನಗರಗಳಿಗೆ 10,000 ಎಲೆಕ್ಟ್ರಿಕ್ ಬಸ್‌ಗಳ ಗುರಿ ಇದೆ. ಮಂಗಳೂರೂ ಆ ಪಟ್ಟಿಯಲ್ಲಿದೆ. ಆ ಯೋಜನೆಯಲ್ಲೂ ಬಸ್ ಓಡಿಸುವ ಕಂಪೆನಿಗೆ ದುಡ್ಡು ಕೊಡುವುದು ಕಿಲೋಮೀಟರ್ ಲೆಕ್ಕದಲ್ಲಿ. ಇಲ್ಲಿ ಒಂದು ಎಚ್ಚರ ಬೇಕು. ಹೊಸ ಬಸ್ ಬಂದು ಹಳೆಯ ಬಸ್ಸಿನ ಹಿಂದೆ ಮುಂದೆ ಅದೇ ದಾರಿಯಲ್ಲಿ ರೇಸಿಗೆ ಇಳಿದರೆ ಸ್ಟೇಟ್‌ಬ್ಯಾಂಕಿನಲ್ಲಿ ಗಲಾಟೆ ಹೆಚ್ಚಾಗುತ್ತದೆ ಅಷ್ಟೆ. ಹೊಸ ಬಸ್ ಮೊದಲು ಹೋಗಬೇಕಾದದ್ದು ಬಸ್ ಇಲ್ಲದ ದಾರಿಗೆ, ಬಸ್ ಇಲ್ಲದ ಹೊತ್ತಿಗೆ.

ಕಾನೂನು ಏನು ಹೇಳುತ್ತದೆ?

ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇವೆ. ಬಸ್ಸಿಗೆ ಪರ್ಮಿಟ್ ಕೊಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಜಿಲ್ಲಾಧಿಕಾರಿಯವರು ಅದರ ಅಧ್ಯಕ್ಷರು. 1988ರ ಮೋಟಾರು ವಾಹನ ಕಾಯ್ದೆಯ 72ನೇ ಸೆಕ್ಷನ್‌ನಲ್ಲಿ ಪರ್ಮಿಟ್ ಕೊಡುವಾಗ ಯಾವ ಯಾವ ಷರತ್ತು ಹಾಕಬಹುದು ಎಂದು ಬರೆದಿದ್ದಾರೆ. ದಿನಕ್ಕೆ ಕನಿಷ್ಠ ಎಷ್ಟು ಟ್ರಿಪ್ ಓಡಿಸಬೇಕು, ಟೈಮ್ ಟೇಬಲ್ಲನ್ನು ಬಸ್ಸಿನಲ್ಲೂ ನಿಲ್ದಾಣದಲ್ಲೂ ಹಾಕಬೇಕು, ಆ ಟೈಮಿನಿಂದ ಎಷ್ಟು ಆಚೀಚೆ ಆಗಬಹುದು, ಇದೆಲ್ಲ ಷರತ್ತು ಹಾಕುವ ಅಧಿಕಾರ ಪ್ರಾಧಿಕಾರಕ್ಕೆ ಉಂಟು. ಸಾಮಾನ್ಯವಾಗಿ ಪರ್ಮಿಟಿನ ಅವಧಿ ಐದು ವರ್ಷ. ಅಂದರೆ ಪ್ರತಿ ಪರ್ಮಿಟೂ ನವೀಕರಣಕ್ಕೆ ಬರಲೇಬೇಕು. ಆಗ ಪ್ರಯಾಣಿಕರ ಮಾತು ಕೇಳಿಸಬೇಕು.

ನೀವು ನಿತ್ಯ ಹತ್ತುವ ಸ್ಟಾಪಿನಲ್ಲಿ ಟೈಮ್ ಟೇಬಲ್ ನೋಡಿದ್ದೀರಾ? ಈ ಸಲ ಹೋಗುವಾಗ ಒಮ್ಮೆ ಹುಡುಕಿ. ನಾವು ತೊಕ್ಕೊಟ್ಟಿನ ಆಚೆಯಿಂದ ಪೇಟೆಯ ತನಕ ನಾವು ಇಳಿದು ಹತ್ತುವ ಸ್ಟಾಪುಗಳಲ್ಲಿ ಹುಡುಕಿದೆವು. ಟ್ಯೂಷನ್ ಕ್ಲಾಸಿನ ಚೀಟಿ ಸಿಕ್ಕಿತು, ಮನೆ ಬಾಡಿಗೆಗೆ ಎಂಬ ಚೀಟಿ ಸಿಕ್ಕಿತು, ಬಸ್ಸಿನ ಸಮಯ ಸಿಗಲಿಲ್ಲ. ಮೊಬೈಲಿನಲ್ಲಿ ಬಸ್ ಎಲ್ಲಿದೆ ಎಂದು ನೋಡುವ ಚಲೋ ಆ್ಯಪ್ ಮಂಗಳೂರಿನ ಖಾಸಗಿ ಬಸ್‌ಗಳಿಗೂ ಬಂದಿದೆ, ಒಳ್ಳೆಯದು. ಕಾಲೇಜಿನ ಮಕ್ಕಳಿಗೆ ಅದು ಸಾಕು. ಆದರೆ ಎಕ್ಸ್‌ರೇ ಕವರ್ ಹಿಡಿದ ಆ ಉಮ್ಮನಿಗೆ ಬೇಕಾದದ್ದು ಕಂಬದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದ ಒಂದು ಬೋರ್ಡ್.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಬಸ್ ನಿಲ್ದಾಣವೂ ಬಸ್ಸೂ ಎಲ್ಲರೂ ಹತ್ತಿ ಇಳಿಯುವ ಹಾಗಿರಬೇಕೆಂದು ಉಂಟು. ನಮ್ಮ ಬಸ್ಸಿನ ಮೊದಲ ಮೆಟ್ಟಿಲು ಎಷ್ಟು ಎತ್ತರ ಎಂದು ಮೊಣಕಾಲು ನೋವಿನವರನ್ನೇ ಕೇಳಬೇಕು. ಸ್ಟಾಪಿನ ಜಗಲಿಯನ್ನು ಸ್ವಲ್ಪ ಎತ್ತರಿಸಿ, ಬಸ್ ಅದಕ್ಕೆ ತಾಗಿ ನಿಲ್ಲುವ ಹಾಗೆ ಮಾಡಿದರೆ ಅರ್ಧ ಕಷ್ಟ ಕಡಿಮೆ. ಬಸ್ ತಾಗಿ ನಿಲ್ಲಬೇಕಾದರೆ ಅಲ್ಲಿ ಸ್ಕೂಟರ್, ಕಾರು ನಿಂತಿರಬಾರದು.

ಪೇಟೆಯೊಳಗೆ ಆಗಬೇಕಾದದ್ದು

ದೊಡ್ಡ ಯೋಜನೆ ಬರುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ಕೋಟಿಗಟ್ಟಲೆ ದುಡ್ಡು ಬೇಡದ ಕೆಲಸಗಳು ಬೇಕಾದಷ್ಟು ಇವೆ.

ಒಂದು, ಹಂಪನಕಟ್ಟೆಯಿಂದ ಸ್ಟೇಟ್‌ಬ್ಯಾಂಕಿನವರೆಗೆ ಬಸ್ ನಿಲ್ಲುವ ಜಾಗಗಳನ್ನು ಬಣ್ಣ ಹಾಕಿ ಗುರುತಿಸಿ, ಅಲ್ಲಿ ಬೇರೆ ವಾಹನ ನಿಲ್ಲಿಸಿದರೆ ದಂಡ ಹಾಕುವುದು. ಎರಡು, ರೈಲು ನಿಲ್ದಾಣ, ಹಂಪನಕಟ್ಟೆ, ಸ್ಟೇಟ್‌ಬ್ಯಾಂಕ್, ಲಾಲ್‌ಬಾಗ್, ಬಿಜೈ ನಿಲ್ದಾಣ, ಜ್ಯೋತಿ, ಕಂಕನಾಡಿ ಎಂದು ಸುತ್ತು ಹಾಕುವ ಸಣ್ಣ ಬಸ್‌ಗಳನ್ನು ಹದಿನೈದು ನಿಮಿಷಕ್ಕೊಂದರಂತೆ ಬಿಡುವುದು. ಆಗ ಎಲ್ಲ ಬಸ್ಸೂ ಸ್ಟೇಟ್‌ಬ್ಯಾಂಕಿಗೇ ಬರಬೇಕೆಂದಿಲ್ಲ, ಕೆಲವು ದಾರಿಯವು ಪೇಟೆಯ ಅಂಚಿನಲ್ಲೇ ತಿರುಗಬಹುದು. ಮೂರು, ಸ್ಟೇಟ್‌ಬ್ಯಾಂಕಿನಲ್ಲಿ ಹೆಂಗಸರಿಗೆ ಶುಚಿಯಾದ ಶೌಚಾಲಯ, ಮಗುವಿಗೆ ಹಾಲು ಕೊಡಲಿಕ್ಕೆ ಒಂದು ಕೋಣೆ, ಮಳೆಗಾಲದಲ್ಲಿ ನೆನೆಯದ ಮಾಡು, ರಾತ್ರಿಗೆ ಬೆಳಕು. ನಮ್ಮ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. ಅಗಲವಿಲ್ಲದ ಮಾಡಿನ ಕೆಳಗೆ ನಿಂತವರಿಗೆ ಕೊಡೆ ಬಿಡಿಸಿಯೇ ಇರಬೇಕಾಗುತ್ತದೆ.

ನಾಲ್ಕು, ಸಂಜೆಯ ಮೇಲಿನ ಬಸ್. ಇದು ಸ್ವಲ್ಪ ಬಿಡಿಸಿ ಹೇಳಬೇಕು.

ಕತ್ತಲಾದ ಮೇಲಿನ ಮಾತು

ನಮ್ಮ ಮದ್ರಸದಲ್ಲಿ ಓದಿದ ಹುಡುಗಿಯೊಬ್ಬಳು ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದಳು. ಪೇಟೆಯ ಕಾಲೇಜಿನಲ್ಲಿ ಸೀಟೂ ಸಿಕ್ಕಿತು. ಲ್ಯಾಬ್ ಇರುವ ದಿನ ಐದೂವರೆಗೆ ಬಿಡುತ್ತಾರೆ. ಡಿಸೆಂಬರಿನಲ್ಲಿ ಆರು ಗಂಟೆ ಕಳೆದ ಕೂಡಲೇ ಮಗ್ರಿಬ್. ಬಸ್ ಸಿಕ್ಕಿ ಅವಳು ಮನೆಗೆ ಮುಟ್ಟುವಾಗ ಕೆಲವು ದಿನ ಏಳೂವರೆ. ಬಸ್ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಗೊತ್ತಿದ್ದರೆ ತಂದೆ ರೋಡಿಗೆ ಹೋಗಿ ನಿಲ್ಲುತ್ತಿದ್ದರು. ಆರೂಮುಕ್ಕಾಲೋ ಏಳೂಕಾಲೋ ಗೊತ್ತಿಲ್ಲ. ಎರಡು ತಿಂಗಳು ನೋಡಿದರು, ಆಮೇಲೆ ಹತ್ತಿರದಲ್ಲೇ ಒಂದು ಸಣ್ಣ ಕೋರ್ಸಿಗೆ ಸೇರಿಸಿದರು.

ಆ ತಂದೆಯನ್ನು ನಾವು ಕೇಳಿದೆವು, “ಓದು ಬಿಡಿಸಿದ್ರಾ?” ಎಂದು. “ಓದು ಬೇಡ ಅಂತ ನಾನು ಹೇಳಲಿಲ್ಲ ಉಸ್ತಾದ್. ದಿನಾ ಸಂಜೆ ಅವಳ ಉಮ್ಮ ಗೇಟಿನಲ್ಲಿ ನಿಂತು ಕಣ್ಣೀರು ಹಾಕುವುದನ್ನು ನೋಡ್ಲಿಕ್ಕೆ ಆಗ್ಲಿಲ್ಲ” ಎಂದರು.

ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ನಮ್ಮ ವೇದಿಕೆಗಳಲ್ಲಿ ಎಷ್ಟೋ ಭಾಷಣ ಆಗುತ್ತದೆ. ಸ್ಕಾಲರ್‌ಶಿಪ್ ಕೊಡುತ್ತೇವೆ, ಸನ್ಮಾನ ಮಾಡುತ್ತೇವೆ. ಆದರೆ ಆ ಮಗುವಿನ ಓದನ್ನು ತಡೆದದ್ದು ಫೀಸು ಅಲ್ಲ, ಮನೆಯವರೂ ಅಲ್ಲ. ನಂಬಿ ಕಾಯಲಿಕ್ಕೆ ಆಗದ ಒಂದು ಬಸ್. ಆರರಿಂದ ರಾತ್ರಿ ಒಂಬತ್ತರ ತನಕ ಪ್ರತಿ ಮುಖ್ಯ ದಾರಿಯಲ್ಲಿ ಇಂತಿಷ್ಟು ಹೊತ್ತಿಗೆ ಬಸ್ ಬಂದೇ ಬರುತ್ತದೆ ಎಂಬ ಖಾತ್ರಿ ಇದ್ದರೆ ಇಂತಹ ಎಷ್ಟು ಮಕ್ಕಳು ಓದು ಮುಂದುವರಿಸಬಹುದು! ಅಂಗಡಿಗಳಲ್ಲಿ, ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಹೆಂಗಸರಿಗೂ ಇದೇ ಬೇಕು. ರಾತ್ರಿಯ ಟ್ರಿಪ್‌ನಲ್ಲಿ ಕಲೆಕ್ಷನ್ ಕಡಿಮೆ ಎಂದು ಮಾಲಕರು ಹೇಳುವುದು ಸುಳ್ಳಲ್ಲ. ಅದಕ್ಕೇ ಕಿಲೋಮೀಟರ್ ಲೆಕ್ಕದ ಮಾತು ಮತ್ತೆ ಬರುತ್ತದೆ. ಖಾಲಿ ಟ್ರಿಪ್ಪಿನ ನಷ್ಟವನ್ನು ಒಬ್ಬ ಮಾಲಕನ ತಲೆಗೆ ಕಟ್ಟದೆ ಸರಕಾರ ಹೊರಬೇಕು. ರಸ್ತೆಗೆ ಡಾಮರು ಹಾಕುವ ಸರಕಾರಕ್ಕೆ ಅದೇ ರಸ್ತೆಯಲ್ಲಿ ಬಸ್ ಓಡಿಸಲಿಕ್ಕೂ ದುಡ್ಡು ಎತ್ತಿಡಲಿಕ್ಕೆ ಆಗುತ್ತದೆ.

ನಮ್ಮ ಕಡೆಯ ತಪ್ಪು

ಬೇರೆಯವರ ಕಡೆ ಬೆರಳು ತೋರಿಸಿ ಮುಗಿಸಿದರೆ ನ್ಯಾಯ ಆಗುವುದಿಲ್ಲ. ಬಸ್ ಸರಿಯಿಲ್ಲ ಎಂದು ನಾವು ಪ್ರತಿಯೊಬ್ಬರೂ ಸ್ಕೂಟರ್ ತೆಗೆದೆವು. ಸ್ಕೂಟರ್ ಹೆಚ್ಚಾದ ಹಾಗೆ ಬಸ್ಸಿಗೆ ಜನ ಕಡಿಮೆ, ಜನ ಕಡಿಮೆಯಾದ ಹಾಗೆ ಟ್ರಿಪ್ ಕಡಿಮೆ. ಐವತ್ತು ಜನ ಒಂದು ಬಸ್ಸಿನಲ್ಲಿ ಬಂದರೆ ರಸ್ತೆಯಲ್ಲಿ ಒಂದು ಬಸ್ಸಿನ ಜಾಗ ಸಾಕು. ಅದೇ ಜನ ಒಬ್ಬೊಬ್ಬರಾಗಿ ಸ್ಕೂಟರಿನಲ್ಲಿ ಬಂದರೆ ಐವತ್ತು ಸ್ಕೂಟರ್ ನಿಲ್ಲಿಸಲಿಕ್ಕೆ ಜಾಗ ಬೇಕು. ಆ ಜಾಗ ನಾವು ಹುಡುಕುವುದು ಬಸ್ ನಿಲ್ಲುವಲ್ಲಿ, ಫುಟ್‌ಪಾತಿನ ಮೇಲೆ.

ಶುಕ್ರವಾರ ಮಧ್ಯಾಹ್ನ ಪೇಟೆಯ ಮಸೀದಿಗಳ ಹೊರಗೆ ನಮ್ಮ ವಾಹನಗಳು ಹೇಗೆ ನಿಂತಿರುತ್ತವೆ ಎಂದು ನಮಗೇ ಗೊತ್ತು. ಜುಮಾಕ್ಕೆ ತಡವಾಯಿತೆಂದು ಬಸ್ ಸ್ಟಾಪಿನಲ್ಲಿ ಬೈಕ್ ಇಟ್ಟು ಓಡುತ್ತೇವೆ. ಆ ಅರ್ಧ ಗಂಟೆ ಬಸ್ ನಡುರಸ್ತೆಯಲ್ಲಿ ನಿಲ್ಲುತ್ತದೆ, ಯಾರದೋ ಉಮ್ಮ ನಡುರಸ್ತೆಯಲ್ಲಿ ಇಳಿಯುತ್ತಾರೆ. ದಾರಿಗೂ ಒಂದು ಹಕ್ಕು ಉಂಟು ಎಂದು ಬೆಳಿಗ್ಗೆ ಮದ್ರಸದಲ್ಲಿ ಮಕ್ಕಳಿಗೆ ಪಾಠ ಮಾಡುವವರು ನಾವೇ. ಮದುವೆ ಹಾಲ್‌ಗಳ ಎದುರು ಕೂಡ ಇದೇ ಕಥೆ. ಸ್ಟಾಪ್ ಬಿಟ್ಟು ಮನೆಯ ಎದುರೇ ಕೈ ಅಡ್ಡ ಹಿಡಿದು ಬಸ್ ನಿಲ್ಲಿಸುವುದು, ಇಳಿಯುವವರಿಗೆ ದಾರಿ ಬಿಡದೆ ನುಗ್ಗುವುದು, ಹೆಂಗಸರ ಸೀಟಿನಿಂದ ಏಳಲಿಕ್ಕೆ ಹೇಳಿದರೆ ಮುಖ ಗಂಟಿಕ್ಕುವುದು, ಇದೆಲ್ಲ ಬಿಡಲಿಕ್ಕೆ ಯಾವ ಯೋಜನೆಯೂ ಬೇಡ.

ಪಾರ್ಕಿಂಗ್ ತೆಗೆದರೆ ವ್ಯಾಪಾರ ಹೋಗುತ್ತದೆ ಎಂದು ಹಂಪನಕಟ್ಟೆ, ಬಂದರಿನ ನಮ್ಮ ಅಂಗಡಿಯವರು ಹೆದರುತ್ತಾರೆ. ಅಂಗಡಿಯ ಎದುರು ಬೆಳಿಗ್ಗೆಯಿಂದ ಸಂಜೆ ತನಕ ನಿಂತಿರುವುದು ಯಾರ ಸ್ಕೂಟರ್ ಎಂದು ಒಂದು ದಿನ ನೋಡಿ. ಬಹಳ ಸಲ ಅದು ಗಿರಾಕಿಯದ್ದಲ್ಲ, ಅಂಗಡಿಯವರದ್ದೇ. ಒಂದು ಬಸ್ ಬಾಗಿಲಿನ ಎದುರು ನಿಂತರೆ ಒಮ್ಮೆಗೆ ಇಳಿಯುವ ಗಿರಾಕಿಗಳೇ ಹೆಚ್ಚು. ಆಟೋದವರಿಗೂ ಹೊಟ್ಟೆಪಾಡಿನ ಚಿಂತೆ ಉಂಟು. ಆದರೆ ಬಸ್ ಇಳಿದು ಮನೆಯ ಒಳದಾರಿಗೆ ಹೋಗುವ ಸಣ್ಣ ಸಣ್ಣ ಬಾಡಿಗೆ ಯಾವಾಗಲೂ ಆಟೋದ್ದೇ. ಬಸ್ಸಿನ ಜನ ಹೆಚ್ಚಾದರೆ ಅದೂ ಹೆಚ್ಚಾಗುತ್ತದೆ.

ಒಂದು ನೋಟ್‌ಬುಕ್‌ನಿಂದ ಶುರು ಮಾಡುವಾ

ಇಷ್ಟೆಲ್ಲ ಓದಿ “ಉಸ್ತಾದ್ ಬರೆದರೆ ಏನಾಗ್ತದೆ?” ಎಂದು ಕೇಳುವವರು ಇದ್ದಾರೆ. ಬರೆದರೆ ಮಾತ್ರ ಏನೂ ಆಗುವುದಿಲ್ಲ. ಪೇಪರಿನಲ್ಲಿ ಬಂತು ಎಂದು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದರೂ ಆಗುವುದಿಲ್ಲ. ಅಧಿಕಾರಿಗಳ ಎದುರು ಕೂತು ಮಾತಾಡಬೇಕಾದರೆ ಕೈಯಲ್ಲಿ ಲೆಕ್ಕ ಬೇಕು.

ನಮ್ಮ ಮಹಲ್ಲಿನಲ್ಲಿ ನಾವು ಒಂದು ಸಣ್ಣ ಕೆಲಸ ಶುರು ಮಾಡಿದ್ದೇವೆ. ಮದ್ರಸದ ದೊಡ್ಡ ತರಗತಿಯ ಮಕ್ಕಳು ಸ್ಕೂಲಿಗೆ, ಕಾಲೇಜಿಗೆ ಹೋಗುವಾಗ ಸ್ಟಾಪಿಗೆ ಬಂದ ಹೊತ್ತು, ಬಸ್ ಬಂದ ಹೊತ್ತು, ನಿಂತಿತಾ ಇಲ್ಲವಾ, ಹತ್ತಲಿಕ್ಕೆ ಜಾಗ ಇತ್ತಾ ಎಂದು ಒಂದು ನೋಟ್‌ಬುಕ್‌ನಲ್ಲಿ ಬರೆಯುತ್ತಾರೆ. ಸಂಜೆ ಬರುವಾಗಲೂ ಹಾಗೆಯೇ. ಬಸ್ಸಿನ ಹೆಸರು ಬರೆಯುವುದಿಲ್ಲ, ಯಾರ ಮೇಲೂ ಕಂಪ್ಲೇಂಟ್ ಮಾಡುವ ಉದ್ದೇಶ ಇಲ್ಲ. ತಿಂಗಳು ತುಂಬಿದ ಮೇಲೆ ಜಮಾಅತ್ ಕಮಿಟಿಯ ಅರ್ಜಿಯ ಜೊತೆ ಅದನ್ನು ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಕೊಡುವುದು. ಅರ್ಜಿಯಲ್ಲಿ ಮೂರೇ ಬೇಡಿಕೆ: ಸ್ಟಾಪಿನಲ್ಲಿ ಟೈಮ್ ಟೇಬಲ್ ಹಾಕಿ, ಸಂಜೆ ಆರರಿಂದ ಒಂಬತ್ತರ ಟ್ರಿಪ್ ಖಾತ್ರಿ ಮಾಡಿ, ನಮ್ಮ ದಾರಿಗೂ ಶಕ್ತಿ ಯೋಜನೆಯ ಸರಕಾರಿ ಬಸ್ ಕೊಡಿ.

ಬಸ್ಸಿಗೆ ಜಾತಿ ಇಲ್ಲ, ಧರ್ಮ ಇಲ್ಲ. ನಮ್ಮ ಸ್ಟಾಪಿನಲ್ಲಿ ನಿಲ್ಲುವ ಮೀನು ಮಾರುವ ಅಕ್ಕಂದಿರು, ಚರ್ಚ್ ರೋಡಿನ ಬಾಯಮ್ಮ, ಶಾಲೆಯ ಟೀಚರ್ ಎಲ್ಲರಿಗೂ ಇದೇ ಕಷ್ಟ. ಅರ್ಜಿಗೆ ಅವರ ಸಹಿಯನ್ನೂ ಕೇಳಿದ್ದೇವೆ, ಸಂತೋಷದಿಂದ ಹಾಕಿದ್ದಾರೆ. ಅರ್ಜಿ ಕೊಡಲಿಕ್ಕೆ ಹೋಗುವಾಗ ಗಂಡಸರು ಮಾತ್ರ ಹೋಗುವುದು ಬೇಡ ಎಂದೂ ತೀರ್ಮಾನ ಆಗಿದೆ. ಬಸ್ಸಿನಲ್ಲಿ ಹೋಗುವವರೇ ಬಂದು ಹೇಳಲಿ. ಬೇರೆ ಮಹಲ್ಲಿನವರೂ ತಮ್ಮ ದಾರಿಯ ಒಂದು ನೋಟ್‌ಬುಕ್ ಇಟ್ಟರೆ ಎಲ್ಲವನ್ನೂ ಒಟ್ಟಿಗೆ ಕೊಡಬಹುದು.

ಮೊನ್ನೆ ಆ ಉಮ್ಮನ ಮೊಮ್ಮಗ ನೋಟ್‌ಬುಕ್ ತಂದು ತೋರಿಸಿದ. ಅವನಿಗೆ ಹೇಳಿದ್ದು ಸ್ಕೂಲಿನ ಬಸ್ಸಿನ ಸಮಯ ಬರೆಯಲಿಕ್ಕೆ. ಅವನು ಕೊನೆಯ ಪುಟದಲ್ಲಿ ಇನ್ನೊಂದು ಪಟ್ಟಿ ಮಾಡಿದ್ದಾನೆ, ಹನ್ನೊಂದು ಗಂಟೆಯ ಸುಮಾರಿಗೆ ಯಾವ ಬಸ್ಸಿನಲ್ಲಿ ಸೀಟು ಖಾಲಿ ಇರುತ್ತದೆ ಎಂದು. ಯಾಕೆ ಮೋನೇ ಎಂದು ಕೇಳಿದೆವು. “ಬುಧವಾರ ಉಮ್ಮನಿಗೆ ಪುನಃ ವೆನ್ಲಾಕಿಗೆ ಹೋಗ್ಲಿಕ್ಕೆ ಉಂಟು ಉಸ್ತಾದ್” ಎಂದ.